ಸಾವಿರಕ್ಕೆ ಒಂದು ಪ್ಯಾಕೆಟ್ ನೋಡಿ ಹಾಕಿದ ಟ್ರಾಫಿಕ್ ಲೆಕ್ಕವನ್ನು ನಂಬಬಹುದಾ?

ಗಂಜ್_ವೈರ್ (ಕಲಬುರಗಿ)
ಮಂಗಳವಾರ, ರಾತ್ರಿ 10:48

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ಮೂವರು ಸೇರಿ ಸಣ್ಣದೊಂದು ಇಂಟರ್ನೆಟ್ ಸರ್ವಿಸ್ ನಡೆಸುತ್ತೇವೆ. ಸುಮಾರು 1,400 ಕನೆಕ್ಷನ್. ಮೇಲಿನಿಂದ 4 ಗಿಗಾಬಿಟ್ ಲೈನ್ ಬರುತ್ತದೆ, ರಾತ್ರಿ ಹೊತ್ತು 2.4ರ ಆಸುಪಾಸು ಓಡುತ್ತದೆ. ಯಾರು ಎಷ್ಟು ಬಳಸುತ್ತಾರೆ, ಎಲ್ಲಿಗೆ ಹೋಗುತ್ತದೆ ಅಂತ ನೋಡಲು ಮುಖ್ಯ ರೌಟರ್‌ನಿಂದ ನೆಟ್‌ಫ್ಲೋ (ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಅನ್ನುವ ಲೆಕ್ಕ) ತೆಗೆಯುತ್ತೇವೆ. ದೀಪಾವಳಿ ರಜೆಯಲ್ಲಿ ರೌಟರಿನ ಸಿಪಿಯು 90 ದಾಟಿತು. ನಮ್ಮ ಹುಡುಗ ಸ್ಯಾಂಪ್ಲಿಂಗ್ ಆನ್ ಮಾಡಿದ, ಅಂದರೆ ಸಾವಿರ ಪ್ಯಾಕೆಟ್‌ಗೆ (ಡೇಟಾ ತುಣುಕಿಗೆ) ಒಂದನ್ನು ಮಾತ್ರ ನೋಡಿ, ಸಿಕ್ಕಿದ್ದನ್ನು ಸಾವಿರದಿಂದ ಗುಣಿಸುವುದು. ಸಿಪಿಯು ತಣ್ಣಗಾಯಿತು. ನಾವೂ ಮರೆತೆವು.

ಕಳೆದ ವಾರ ಎರಡು ಪಜೀತಿ ಆದವು.

ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಒಂದು ಅಡತ್ ಅಂಗಡಿ, ಅಂದರೆ ದಲ್ಲಾಳಿ ಅಂಗಡಿ, ನಮ್ಮ ಗಿರಾಕಿ. ಈಗ ತೊಗರಿ ಹಂಗಾಮು ಜೋರು. ಆನ್‌ಲೈನ್ ಟೆಂಡರ್ ಹಾಕುವ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಡುತ್ತದೆ ಎಂದು ಸಾಹುಕಾರರು ಫೋನ್ ಮಾಡಿದರು. ನಾನು ಲೆಕ್ಕ ತೆಗೆದು 10:30ರಿಂದ 10:40ರವರೆಗೆ ಅವರ ಐಪಿ (ನೆಟ್ ವಿಳಾಸ) ನೋಡಿದೆ. ಸೊನ್ನೆ. "ಸಾಹುಕಾರ್ರೇ, ಆ ಹತ್ತು ನಿಮಿಷ ನೀವು ನೆಟ್ ಮುಟ್ಟೇ ಇಲ್ಲ" ಎಂದುಬಿಟ್ಟೆ. ಅರ್ಧ ಗಂಟೆಯಲ್ಲಿ ಆಫೀಸಿಗೇ ಬಂದರು. ಅಂಗಡಿ ಕಂಪ್ಯೂಟರಿನ ಫೋಟೋ ತೋರಿಸಿದರು, ಟೆಂಡರ್ 10:34ಕ್ಕೆ ದಾಖಲಾಗಿತ್ತು. ನಾನು ಸ್ಯಾಂಪ್ಲಿಂಗ್ ಅಂದರೆ ಏನು ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಎಷ್ಟು ಚೀಲಕ್ಕೆ ಚುಚ್ಚಿ ನೋಡಿ ಹೇಳಿದ್ರಿ?"

ನನ್ನ ಬಾಯಿ ಕಟ್ಟಿತು.

ಎರಡನೆಯದು. ನಮ್ಮ ಕಡೆಯ ಯಾವುದೋ ಯಂತ್ರ ಊರೆಲ್ಲ ಪೋರ್ಟ್ 23 (ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ಹಳೆಯ ಬಾಗಿಲು) ತಟ್ಟುತ್ತಿದೆ ಎಂದು ನಮಗೆ ಲೈನ್ ಕೊಡುವ ಮೇಲಿನವರಿಂದ ಮೇಲ್ ಬಂತು. ಜಾಸ್ತಿ ಬಳಸುವ 50 ಜನರ ಪಟ್ಟಿ ತೆಗೆದು ನೋಡಿದೆ, ಅನುಮಾನ ಬರುವಂಥದ್ದು ಒಂದೂ ಇಲ್ಲ.

ಈಗ ಸ್ಯಾಂಪ್ಲಿಂಗ್ ತೆಗೆದು ಹಾಕಲಾ? ಅಥವಾ ನಾನೇ ಏನಾದರೂ ತಪ್ಪು ನೋಡುತ್ತಿದ್ದೇನಾ?

ಫೈಬರ್_ಮಾವ (ಶಹಾಬಾದ್)
ಮಂಗಳವಾರ, ರಾತ್ರಿ 11:05

ತೆಗೆದು ಹಾಕು ತಮ್ಮಾ. ಡಿಸ್ಕ್ ಈಗ ಅಗ್ಗ. ಎಲ್ಲಾ ಪ್ಯಾಕೆಟ್ ಹಿಡಿದು ಇಟ್ಟುಬಿಡು, ಬೇಕಾದಾಗ ಹುಡುಕು. ಸಾವಿರಕ್ಕೆ ಒಂದು ನೋಡಿ ಲೆಕ್ಕ ಹೇಳೋದು ಅಂದರೆ ಜ್ಯೋತಿಷ್ಯ.

ಬೀದರ್_ಕೋಟೆ
ಮಂಗಳವಾರ, ರಾತ್ರಿ 11:31

ಮಾವ, ಲೆಕ್ಕ ಹಾಕಿ ಹೇಳಿ. 4 ಗಿಗಾಬಿಟ್ ತುಂಬಿ ಓಡಿದರೆ ಸೆಕೆಂಡಿಗೆ 500 ಮೆಗಾಬೈಟ್. ಗಂಟೆಗೆ 1.8 ಟೆರಾಬೈಟ್. ಒಂದೇ ಸಂಜೆಯಲ್ಲಿ ನಿಮ್ಮ ಡಿಸ್ಕ್ ಅಂಗಡಿ ಖಾಲಿ. ಬರೀ ಹೆಡರ್ 64 ಬೈಟ್ ಇಟ್ಟುಕೊಂಡರೂ ಗಂಟೆಗೆ 140 ಗಿಗಾಬೈಟ್ ಮೇಲೆ ಹೋಗುತ್ತದೆ. ಸರಾಸರಿ ಪ್ಯಾಕೆಟ್ 800 ಬೈಟ್ ಅಂತ ಹಿಡಿದಿದ್ದೇನೆ. ಅಷ್ಟೂ ಇಟ್ಟುಕೊಂಡು ಓದುವವರು ಯಾರು? ಒಳಗಿನದ್ದು ಹೆಚ್ಚಿನದೆಲ್ಲ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಗಿರಾಕಿಗಳ ಪ್ಯಾಕೆಟ್ ಹಿಡಿದಿಡುವುದು ಸರಿಯಾ ಅನ್ನುವುದು ಇನ್ನೊಂದು ದೊಡ್ಡ ಮಾತು.

ಸ್ಯಾಂಪ್ಲಿಂಗ್ ನಿನ್ನೆ ಮೊನ್ನೆಯದಲ್ಲ. 1990ರ ದಶಕದ ಶುರುವಿನಲ್ಲೇ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬು ಜಾಲದಲ್ಲಿ ಎಲ್ಲಾ ಪ್ಯಾಕೆಟ್ ಎಣಿಸಲು ಆಗದೆ 50ಕ್ಕೆ ಒಂದು ತೆಗೆಯುತ್ತಿದ್ದರು. ಆಗ ಅದರ ಲೈನ್ 1.5 ಮೆಗಾಬಿಟ್. ಇವತ್ತು ನಮ್ಮ ಮೊಬೈಲ್ ಅದಕ್ಕಿಂತ ಜೋರು.

ಗಂಜ್_ವೈರ್ ಅಣ್ಣಾ, ಒಂದು ಕೇಳ್ತೇನೆ. ಇಂಟರ್‌ಫೇಸ್ ಕೌಂಟರ್ (ರೌಟರಿನಲ್ಲಿರುವ ಲೈನಿನ ಮೀಟರ್) ಜೊತೆ ನಿಮ್ಮ ನೆಟ್‌ಫ್ಲೋ ಮೊತ್ತವನ್ನು ಯಾವತ್ತಾದರೂ ಹೋಲಿಸಿದ್ದೀರಾ? ಕೌಂಟರ್ ಎಲ್ಲಾ ಬೈಟನ್ನೂ ಎಣಿಸುತ್ತದೆ, ಅದರಲ್ಲಿ ಸ್ಯಾಂಪ್ಲಿಂಗ್ ಇಲ್ಲ. 64 ಬಿಟ್ ಕೌಂಟರನ್ನೇ ಓದಿ. 32 ಬಿಟ್ಟಿನದು 1 ಗಿಗಾಬಿಟ್ ಓಟಕ್ಕೆ 34 ಸೆಕೆಂಡಿನಲ್ಲಿ ತುಂಬಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ಎಷ್ಟು ಸಲ ಸುತ್ತಿತು ಅಂತಲೇ ಗೊತ್ತಾಗುವುದಿಲ್ಲ.

ಲೆಕ್ಕದ_ಅಕ್ಕೋರು (ಕಲಬುರಗಿ)
ಬುಧವಾರ, ಬೆಳಿಗ್ಗೆ 6:20

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳು, ನೆಟ್‌ವರ್ಕ್ ಮನೆಯವರ ಕೆಲಸ. ಅವರು ಈ ಚರ್ಚೆ ತೋರಿಸಿದರು. ಸಾಹುಕಾರರ ಪ್ರಶ್ನೆ ಕೇಳಿ ಖುಷಿಯಾಯಿತು. ನನ್ನ ಎಂಎಸ್ಸಿ ಮಕ್ಕಳೂ ಇಷ್ಟು ನೇರವಾಗಿ ಕೇಳುವುದಿಲ್ಲ.

ಮೊದಲು ಆ ಸೊನ್ನೆ. ಟೆಂಡರ್ ಪುಟ ತೆರೆದು, ನಾಲ್ಕು ಅಂಕಿ ಹಾಕಿ, ಬಟನ್ ಒತ್ತುವುದಕ್ಕೆ 300 ಪ್ಯಾಕೆಟ್ ಹೋಗಿ ಬಂದಿವೆ ಅಂತಿಟ್ಟುಕೊಳ್ಳಿ. ಒಂದು ಪ್ಯಾಕೆಟ್ ನಿಮ್ಮ ಕೈಗೆ ಸಿಗದೇ ಹೋಗುವ ಸಂಭವ 0.999. ಮುನ್ನೂರೂ ಸಿಗದೇ ಹೋಗುವುದು ಅಂದರೆ 0.999ನ್ನು 300 ಸಲ ಗುಣಿಸಿ. 0.74 ಬರುತ್ತದೆ. ಅಂದರೆ ನಾಲ್ಕು ದಿನ ಸಾಹುಕಾರರು ಟೆಂಡರ್ ಹಾಕಿದರೆ ಅದರಲ್ಲಿ ಮೂರು ದಿನ ನಿಮ್ಮ ಲೆಕ್ಕದಲ್ಲಿ ಅವರು ಇರುವುದೇ ಇಲ್ಲ. ನಿಮ್ಮ ರೌಟರ್ ಸುಳ್ಳು ಹೇಳಲಿಲ್ಲ. "ನನ್ನ ಕೈಗೆ ಸಿಗಲಿಲ್ಲ" ಅಂತ ಹೇಳಿತು. ನೀವು ಅದನ್ನು "ಇಲ್ಲ" ಅಂತ ಓದಿಕೊಂಡಿರಿ.

ಸೊನ್ನೆ ಸಿಕ್ಕಾಗ ನಾವು ಬಳಸುವ ಒಂದು ಹಳೆಯ ಉಪಾಯ ಇದೆ. ಮೂರನ್ನು ಸ್ಯಾಂಪ್ಲಿಂಗ್ ರೇಟ್‌ನಿಂದ ಗುಣಿಸಿ. ಇಲ್ಲಿ 3,000. "ಆ ಹತ್ತು ನಿಮಿಷ ಅಲ್ಲಿ 3,000ಕ್ಕಿಂತ ಜಾಸ್ತಿ ಪ್ಯಾಕೆಟ್ ಹೋಗಿರಲಿಕ್ಕಿಲ್ಲ" ಅಂತ 95 ಪರ್ಸೆಂಟ್ ಧೈರ್ಯದಿಂದ ಹೇಳಬಹುದು, ಅಷ್ಟೇ. 3,000 ಪ್ಯಾಕೆಟ್‌ನಲ್ಲಿ ಹತ್ತು ಟೆಂಡರ್ ಹಾಕಬಹುದು!

ಸೊನ್ನೆ ಅಲ್ಲದಿದ್ದರೂ ಲೆಕ್ಕ ಸುಲಭ. 196ನ್ನು, ಸಿಕ್ಕ ಸ್ಯಾಂಪಲ್‌ಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಎಷ್ಟು ಪರ್ಸೆಂಟ್ ಹೆಚ್ಚುಕಮ್ಮಿ ಆಗಬಹುದು ಅಂತ ಬರುತ್ತದೆ. 4 ಸ್ಯಾಂಪಲ್ ಸಿಕ್ಕರೆ 98 ಪರ್ಸೆಂಟ್, ಅಂದರೆ ಬರೀ ಊಹೆ. 100 ಸಿಕ್ಕರೆ ಸುಮಾರು 20. 10,000 ಸಿಕ್ಕರೆ 2ರೊಳಗೆ.

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಒಟ್ಟು ಪ್ಯಾಕೆಟ್ ಎಷ್ಟಿತ್ತು ಅನ್ನುವುದು ಆ ಸೂತ್ರದಲ್ಲಿ ಇಲ್ಲ. ಸಾವಿರಕ್ಕೆ ಒಂದೋ ನೂರಕ್ಕೆ ಒಂದೋ ಅನ್ನುವುದೂ ಇಲ್ಲ. ನೀವು ಕೇಳುತ್ತಿರುವ ವಿಷಯಕ್ಕೆ ಎಷ್ಟು ಸ್ಯಾಂಪಲ್ ಸಿಕ್ಕವು, ಅದೊಂದೇ. ಅದಕ್ಕೇ ಇಡೀ ಲೈನಿನ ಲೆಕ್ಕ ಅಚ್ಚುಕಟ್ಟಾಗಿ ಬರುತ್ತದೆ, ಒಬ್ಬ ಗಿರಾಕಿಯ ಹತ್ತು ನಿಮಿಷದ ಲೆಕ್ಕ ಹಳ್ಳ ಹಿಡಿಯುತ್ತದೆ. ಎರಡೂ ಒಂದೇ ಡೇಟಾ. ನಿಮ್ಮ ಪರದೆಯಲ್ಲಿ ಪ್ರತಿ ಅಂಕಿಯ ಪಕ್ಕ ಸ್ಯಾಂಪಲ್ ಸಂಖ್ಯೆಯನ್ನೂ ಹಾಕಿಕೊಳ್ಳಿ. ಸಾಹುಕಾರರ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ.

ಗಂಜ್_ವೈರ್
ಬುಧವಾರ, ಬೆಳಿಗ್ಗೆ 9:02

ಅಕ್ಕೋರೆ, ಇದನ್ನು ಪ್ರಿಂಟ್ ತೆಗೆದು ಆಫೀಸ್ ಗೋಡೆಗೆ ಅಂಟಿಸಿದೆ. ನಮ್ಮ ಹುಡುಗ "196 ಎಲ್ಲಿಂದ ಬಂತು" ಅಂತ ಕೇಳುತ್ತಿದ್ದಾನೆ.

ಲೆಕ್ಕದ_ಅಕ್ಕೋರು
ಬುಧವಾರ, ಬೆಳಿಗ್ಗೆ 9:15

95 ಪರ್ಸೆಂಟ್ ಭರವಸೆಗೆ 1.96 ಪಟ್ಟು, ಅದನ್ನು ನೂರರಿಂದ ಗುಣಿಸಿದ್ದು. ಕ್ಲಾಸಿಗೆ ಹೊತ್ತಾಯಿತು.

ಭೀಮಾ_ದಂಡೆ (ಯಾದಗಿರಿ)
ಬುಧವಾರ, ಮಧ್ಯಾಹ್ನ 1:40

ಎರಡನೇ ಪಜೀತಿ ಬಗ್ಗೆ ಯಾರೂ ಮಾತಾಡಲಿಲ್ಲ. ಇದು ನನಗೂ ಆಗಿದೆ. ಅಣ್ಣಾ, ತಪ್ಪು ಸ್ಯಾಂಪ್ಲಿಂಗ್‌ದಲ್ಲ, ನೀವು ಪಟ್ಟಿ ಜೋಡಿಸಿದ ರೀತಿಯದು.

ಪೋರ್ಟ್ 23 ತಟ್ಟುವ ಯಂತ್ರ ಪ್ರತಿ ಬಾಗಿಲಿಗೂ ಒಂದೇ ಚಿಕ್ಕ ಸಿನ್ ಪ್ಯಾಕೆಟ್ (ಕನೆಕ್ಷನ್ ಶುರು ಮಾಡೋಣವಾ ಅಂತ ಕೇಳುವುದು) ಕಳಿಸುತ್ತದೆ. 40ರಿಂದ 60 ಬೈಟ್. ಸೆಕೆಂಡಿಗೆ 200 ಅಂತ ಹಿಡಿಯಿರಿ. ಗಂಟೆಗೆ 7,20,000 ಪ್ಯಾಕೆಟ್. ಬೈಟ್ ಲೆಕ್ಕದಲ್ಲಿ 30-40 ಮೆಗಾಬೈಟ್, ಯಾರೋ ನಾಲ್ಕು ರೀಲ್ಸ್ ನೋಡಿದಷ್ಟು. ಬೈಟ್ ಪ್ರಕಾರ ಜೋಡಿಸಿದರೆ ಅದು ಮೊದಲ 50ರಲ್ಲಿ ಯಾವ ಜನ್ಮಕ್ಕೂ ಬರುವುದಿಲ್ಲ. ಆದರೆ ಸಾವಿರಕ್ಕೆ ಒಂದರಂತೆ ತೆಗೆದರೂ ಗಂಟೆಗೆ 720 ಸ್ಯಾಂಪಲ್ ನಿಮ್ಮ ಡಿಸ್ಕಿನಲ್ಲಿ ಬಿದ್ದಿರುತ್ತವೆ. ಅಕ್ಕೋರ ಸೂತ್ರ ಹಾಕಿ, 7 ಪರ್ಸೆಂಟ್ ತಪ್ಪು ಅಷ್ಟೇ. 720 ಸ್ಯಾಂಪಲ್, 720 ಬೇರೆ ಬೇರೆ ವಿಳಾಸ, ಎಲ್ಲಾ ಒಂದೇ ಐಪಿಯಿಂದ. ಇಷ್ಟು ದೊಡ್ಡ ಕುರುಹು ಬೇರೆ ಬೇಕಾ?

ಬೈಟ್ ಬಿಡಿ. ಕಳಿಸುವವನ ಐಪಿ ಹಿಡಿದು, ಅವನು ಎಷ್ಟು ಬೇರೆ ವಿಳಾಸಗಳಿಗೆ ಹೋಗಿದ್ದಾನೆ ಅಂತ ಎಣಿಸಿ. ನ್ಯಾಟ್ (ಒಳಗಿನ ಹಲವು ಐಪಿಗಳನ್ನು ಹೊರಗಿನ ಒಂದು ಐಪಿಗೆ ಬದಲಿಸುವುದು) ಆಗುವುದಕ್ಕೆ ಮುಂಚಿನ ಒಳಗಿನ ಐಪಿಯನ್ನೇ ನೋಡಿ. ನನ್ನ ಅಂದಾಜು, ಯಾವುದೋ ಅಂಗಡಿಯ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್ ಡಬ್ಬಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಬಂದಾಗಿನಿಂದ ಇದೇ ಕಥೆ: ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಡಬ್ಬಿಗಳು ಪೋರ್ಟ್ 23ರಲ್ಲಿ ಒಂದನ್ನೊಂದು ಹುಡುಕಿಕೊಂಡು ಹೋಗುತ್ತವೆ.

ಗಂಜ್_ವೈರ್
ಬುಧವಾರ, ಸಂಜೆ 5:26

ಸಿಕ್ಕಿತು! ಸೂಪರ್ ಮಾರ್ಕೆಟ್ ಕಡೆ ಒಂದು ಬಟ್ಟೆ ಅಂಗಡಿಯ ಡಿವಿಆರ್. ಒಂದು ಗಂಟೆಯಲ್ಲಿ 611 ಸ್ಯಾಂಪಲ್, 611 ಬೇರೆ ವಿಳಾಸ. ಮೂರು ವಾರದ ಡೇಟಾ ಹಿಂದಕ್ಕೆ ನೋಡಿದೆ, ಅಲ್ಲೂ ಇದೆ. ಮೂರು ವಾರ ನನ್ನ ಕಣ್ಣ ಮುಂದೆಯೇ ಇತ್ತು. ಪಾಸ್‌ವರ್ಡ್ 12345 ಇತ್ತು ಅನ್ನುವುದನ್ನು ಬೇರೆ ಹೇಳಬೇಕಾ?

ಫೈಬರ್_ಮಾವ
ಬುಧವಾರ, ರಾತ್ರಿ 8:10

ಸರಿ, ಡಿವಿಆರ್ ವಿಷಯ ಒಪ್ಪಿದೆ. ಆದರೂ ಒಂದು ಗಂಟು. ನಾನು ಹಿಂದೆ ಸ್ಯಾಂಪಲ್ ಹಾಕಿ ಫ್ಲೋ (ಎರಡು ವಿಳಾಸಗಳ ನಡುವಿನ ಒಂದು ಮಾತುಕತೆಯ ಪ್ಯಾಕೆಟ್ ಎಲ್ಲ ಸೇರಿ ಒಂದು ಫ್ಲೋ) ಎಣಿಸಿ ಸಾವಿರದಿಂದ ಗುಣಿಸಿದ್ದೆ. ಇಡೀ ರಾಜ್ಯದ ಜನ ನನ್ನ ನೆಟ್‌ವರ್ಕಿನಲ್ಲಿ ಇದ್ದಷ್ಟು ಫ್ಲೋ ಬಂತು. ಅವತ್ತಿನಿಂದ ನನಗೆ ಇದರ ಮೇಲೆ ನಂಬಿಕೆ ಹೋಯಿತು.

ಬೀದರ್_ಕೋಟೆ
ಬುಧವಾರ, ರಾತ್ರಿ 8:44

ಮಾವ, ಬೈಟ್ ಮತ್ತು ಪ್ಯಾಕೆಟ್ ಮಾತ್ರ ಗುಣಿಸಬಹುದು. ಫ್ಲೋ ಗುಣಿಸಬಾರದು. ಒಂದು ಸಿನಿಮಾ ಡೌನ್‌ಲೋಡ್ ಅಂದರೆ ಲಕ್ಷಗಟ್ಟಲೆ ಪ್ಯಾಕೆಟ್, ಅದು ಹೇಗಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. 5,000 ಪ್ಯಾಕೆಟ್ ಇದ್ದರೂ ಸಾಕು, ಸಿಗುವ ಸಂಭವ 99 ಪರ್ಸೆಂಟ್ ಮೇಲೆ. ಆ ಒಂದನ್ನು ನೀವು ಸಾವಿರ ಫ್ಲೋ ಅಂತ ಎಣಿಸಿದಿರಿ. ಇನ್ನೊಂದು ಕಡೆ ಹತ್ತು ಪ್ಯಾಕೆಟ್‌ನ ಫ್ಲೋ ನೂರರಲ್ಲಿ ಒಂದೇ ಸಿಗುತ್ತದೆ. ಆನೆಗಳೆಲ್ಲ ಪಟ್ಟಿಯಲ್ಲಿ, ಇಲಿಗಳೆಲ್ಲ ಬಿಲದಲ್ಲಿ.

ಟಿಸಿಪಿ (ಮೊದಲು ಕನೆಕ್ಷನ್ ಕಟ್ಟಿಕೊಂಡು ಡೇಟಾ ಕಳಿಸುವ ವಿಧಾನ) ಆದರೆ ದಾರಿ ಇದೆ. ಪ್ರತಿ ಕನೆಕ್ಷನ್ ಶುರುವಾಗುವುದು ಒಂದು ಸಿನ್‌ನಿಂದ. ಸ್ಯಾಂಪಲ್‌ನಲ್ಲಿ ಸಿಕ್ಕ ಸಿನ್‌ಗಳನ್ನು ಮಾತ್ರ ಎಣಿಸಿ ಗುಣಿಸಿದರೆ ಕನೆಕ್ಷನ್ ಸಂಖ್ಯೆಗೆ ಹತ್ತಿರ ಬರುತ್ತದೆ. 2000ದ ದಶಕದಲ್ಲಿ ಡಫೀಲ್ಡ್, ಲುಂಡ್, ಥೋರಪ್ ಎಂಬ ಸಂಶೋಧಕರು ಇದನ್ನು ಕೂಲಂಕಷವಾಗಿ ಮಾಡಿ ತೋರಿಸಿದ್ದಾರೆ. ಆದರೆ ಈಗ ಯೂಟ್ಯೂಬ್ ಎಲ್ಲ ಕ್ವಿಕ್ ಅನ್ನುವ ಹೊಸ ವಿಧಾನದ ಮೇಲೆ ಓಡುತ್ತದೆ. ಅದು ಟಿಸಿಪಿ ಅಲ್ಲ, ಯುಡಿಪಿ. ಅದರಲ್ಲಿ ಸಿನ್ ಇಲ್ಲ. ಅಲ್ಲಿಗೆ ಈ ಉಪಾಯ ಅರ್ಧ ಹಳತಾಯಿತು.

ಆನೆಗಳೇ ಬೇಕು ಅನ್ನುವವರಿಗೆ ಇನ್ನೊಂದು ವಿಧಾನ ನನಗೆ ಇಷ್ಟ. 2002ರಲ್ಲಿ ಎಸ್ಟಾನ್ ಮತ್ತು ಜಾರ್ಜ್ ವರ್ಗೀಸ್ ಹೇಳಿದ್ದು. ಒಂದು ಫ್ಲೋದ ಪ್ಯಾಕೆಟ್ ಒಮ್ಮೆ ಸ್ಯಾಂಪಲ್‌ಗೆ ಸಿಕ್ಕಿತು ಅಂದರೆ ಅಲ್ಲಿಂದ ಮುಂದೆ ಆ ಫ್ಲೋದ ಪ್ರತಿ ಪ್ಯಾಕೆಟನ್ನೂ ಎಣಿಸು. ಸಿಕ್ಕವನ ಬೆನ್ನು ಬಿಡಬೇಡ ಅಂತ. ದೊಡ್ಡವು ಬೇಗ ಸಿಕ್ಕಿಬೀಳುತ್ತವೆ, ಆಮೇಲಿನ ಎಣಿಕೆ ಪಕ್ಕಾ. ನಮ್ಮಂಥವರ ಡಬ್ಬಿಯಲ್ಲಿ ಇದು ಸಿಗುವುದಿಲ್ಲ ಅನ್ನುವುದೇ ಬೇಜಾರು.

ಇನ್ನೊಂದು ಮಾತು, ಇದು ಎಚ್ಚರಿಕೆ. ನ್ಯಾಟ್ ಲಾಗ್, ಐಪಿಡಿಆರ್ (ಯಾರು ಯಾವಾಗ ಯಾವ ಐಪಿ ಬಳಸಿದರು ಅನ್ನುವ ದಾಖಲೆಗಳು) ಇವೆಲ್ಲ ಸರ್ಕಾರ ಲೈಸೆನ್ಸ್ ಷರತ್ತಿನಲ್ಲಿ ಇಟ್ಟುಕೊಳ್ಳಿ ಅಂದಿರುವುದು. ಅದಕ್ಕೆ ಸ್ಯಾಂಪ್ಲಿಂಗ್ ನಡೆಯುವುದಿಲ್ಲ. ಪೊಲೀಸರು ಬಂದು "ಈ ಐಪಿ ಯಾರದು" ಅಂದಾಗ "ಸಾವಿರಕ್ಕೆ ಒಂದು ಬರೆದಿಟ್ಟಿದ್ದೇವೆ ಸರ್" ಅಂದು ನೋಡಿ! ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ.

ಗಂಜ್_ವೈರ್
ಬುಧವಾರ, ರಾತ್ರಿ 9:30

ನ್ಯಾಟ್ ಲಾಗ್ ಪೂರ್ತಿ ಇದೆ, ಅದನ್ನು ಮುಟ್ಟಿಲ್ಲ. ದೇವರು ದೊಡ್ಡವನು.

ಈಗ ರೇಟ್ ಬದಲಿಸಲು ಕೂತಿದ್ದೇನೆ. ಸೆಟ್ಟಿಂಗ್‌ನಲ್ಲಿ ಎರಡು ಇವೆ. ಸರಿಯಾಗಿ ಪ್ರತಿ ಐನೂರನೆಯದು ತೆಗೆ ಅನ್ನುವುದು ಒಂದು, ಐನೂರಕ್ಕೆ ಯಾವುದಾದರೊಂದು ಲಾಟರಿ ಎತ್ತಿದಂತೆ ತೆಗೆ ಅನ್ನುವುದು ಇನ್ನೊಂದು. ಯಾವುದು?

ಲೆಕ್ಕದ_ಅಕ್ಕೋರು
ಬುಧವಾರ, ರಾತ್ರಿ 10:12

ಎರಡನೆಯದು. ಗಂಜ್‌ನಲ್ಲೇ ಉದಾಹರಣೆ ಇದೆ. ಹಮಾಲರು ಹತ್ತು ಹತ್ತು ಚೀಲದ ಸಾಲು ಹಚ್ಚಿದ್ದಾರೆ ಅನ್ನಿ. ನೀವು ಪ್ರತಿ ಹತ್ತನೇ ಚೀಲಕ್ಕೆ ಚುಚ್ಚಿದರೆ ಎಲ್ಲಾ ಸಾಲಿನ ಕೊನೆಯ ಚೀಲವನ್ನೇ ನೋಡಿದ ಹಾಗಾಯಿತು. ಕೊನೆಯ ಚೀಲ ಗೋಡೆಗೆ ತಾಗಿ ಹಸಿ ಹಿಡಿದಿದ್ದರೆ ಇಡೀ ಮಾಲೇ ಹಸಿ ಅಂತ ಬರೆಯುತ್ತೀರಿ. ನಿಮ್ಮ ಲೆಕ್ಕದ ಹೆಜ್ಜೆಗೂ ಮಾಲಿನ ಹೆಜ್ಜೆಗೂ ತಾಳ ಕೂಡಿದರೆ ಕೆಟ್ಟಿತು.

ನಿಜ ಹೇಳಬೇಕೆಂದರೆ, ದೊಡ್ಡ ಲೈನಿನಲ್ಲಿ ಸಾವಿರಾರು ಜನರ ಪ್ಯಾಕೆಟ್ ಕಲಸಿ ಬರುವುದರಿಂದ ಈ ಎರಡರ ನಡುವೆ ವ್ಯತ್ಯಾಸ ಚಿಕ್ಕದು. 1993ರಲ್ಲಿ ಕ್ಲ್ಯಾಫಿ, ಪೊಲಿಜೋಸ್, ಬ್ರೌನ್ ಅಸಲಿ ಟ್ರಾಫಿಕ್ ಇಟ್ಟುಕೊಂಡು ಹೋಲಿಸಿದಾಗಲೂ ಹೀಗೇ ಬಂತು. ದೊಡ್ಡ ವ್ಯತ್ಯಾಸ ಬಂದದ್ದು ಬೇರೆ ಕಡೆ. ಎಣಿಕೆಯ ಮೇಲೆ ತೆಗೆಯುವುದಕ್ಕೂ ಗಡಿಯಾರದ ಮೇಲೆ ತೆಗೆಯುವುದಕ್ಕೂ. ಇಷ್ಟು ಮಿಲಿಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಹಿಡಿ ಅಂದರೆ ಲೆಕ್ಕ ವಾಲುತ್ತದೆ. ಯಾಕೆಂದರೆ ಟ್ರಾಫಿಕ್ ಒಂದೇ ಸಮ ಬರುವುದಿಲ್ಲ, ಗುಂಪು ಗುಂಪಾಗಿ ನುಗ್ಗುತ್ತದೆ, ಆಮೇಲೆ ಸುಮ್ನೆ ಇರುತ್ತದೆ. ಗಡಿಯಾರ ಬಡಿಯುವುದು ಹೆಚ್ಚಾಗಿ ಆ ಸುಮ್ಮನಿರುವ ಹೊತ್ತಿನಲ್ಲೇ. ಗುಂಪಿನಲ್ಲಿ ನುಗ್ಗಿದ ಸಾವಿರ ಪ್ಯಾಕೆಟ್‌ಗೂ ಒಂದೇ ಅವಕಾಶ, ಒಂಟಿಯಾಗಿ ಬಂದ ಒಂದಕ್ಕೂ ಒಂದೇ ಅವಕಾಶ.

ಅಂದ ಹಾಗೆ, ಸಾಹುಕಾರರ ನೆಟ್ ಯಾಕೆ ಕೈಕೊಟ್ಟಿತು ಅಂತ ಇನ್ನೂ ಗೊತ್ತಾಗಿಲ್ಲ ಅಲ್ವಾ? ನಾವೆಲ್ಲ ಲೆಕ್ಕದಲ್ಲಿ ಮುಳುಗಿ ಅದನ್ನೇ ಮರೆತೆವು.

ಗಂಜ್_ವೈರ್
ಬುಧವಾರ, ರಾತ್ರಿ 10:20

ಇಲ್ಲ ಅಕ್ಕೋರೆ. ಪಿಂಗ್ (ಲೈನ್ ಜೀವಂತ ಇದೆಯಾ ಅಂತ ಕೇಳುವ ಪ್ಯಾಕೆಟ್) ಚೆನ್ನಾಗಿಯೇ ಇದೆ. ಐದು ನಿಮಿಷಕ್ಕೊಮ್ಮೆ ಅಲ್ಲಿಯ ಸ್ವಿಚ್‌ಗೆ ಪಿಂಗ್ ಹೋಗುತ್ತದೆ. 10:30 ಸರಿ, 10:35 ಸರಿ, 10:40 ಸರಿ. ಸ್ವಿಚ್ಚಿನ ಗ್ರಾಫ್ ನೋಡಿದರೆ ನೂರು ಮೆಗಾಬಿಟ್ ಲೈನಿನಲ್ಲಿ ಐದು ನಿಮಿಷದ ಸರಾಸರಿ ಮೂವತ್ತು ದಾಟಿದ್ದೇ ಕಮ್ಮಿ.

ಭೀಮಾ_ದಂಡೆ
ಬುಧವಾರ, ರಾತ್ರಿ 10:37

ಅಣ್ಣಾ, ಅಕ್ಕೋರು ಈಗಷ್ಟೇ ಹೇಳಿದ ಹತ್ತನೇ ಚೀಲ ಅದೇ ಅಲ್ವಾ? 10:30, 10:35, 10:40. ನಡುವೆ 10:32ಕ್ಕೆ ಏನಾಯಿತು ಅಂತ ನಿಮ್ಮ ಪಿಂಗ್‌ಗೆ ಯಾವತ್ತೂ ಗೊತ್ತಾಗುವುದಿಲ್ಲ. 1998ರ ಆರ್‌ಎಫ್‌ಸಿ 2330ರಲ್ಲಿ (ಇಂಟರ್ನೆಟ್ ಅಳತೆಯ ಮಾರ್ಗಸೂಚಿ) ಇದನ್ನೇ ಬರೆದಿದ್ದಾರೆ. ಅಳತೆಯ ನಡುವಿನ ಅಂತರ ಒಂದೇ ಸಮ ಇಡಬೇಡಿ, ಪಾಯ್ಸಾನ್ ರೀತಿ, ಅಂದರೆ ಲಾಟರಿಯಂತೆ ಹೆಚ್ಚುಕಮ್ಮಿ ಆಗುತ್ತಿರಲಿ ಅಂತ. ಒಂದು ದಿನ ಸರಾಸರಿ 20 ಸೆಕೆಂಡ್ ಅಂತರದಲ್ಲಿ ಹಾಗೆ ಕಳಿಸಿ ನೋಡಿ. ನೆಟ್‌ಫ್ಲೋದಲ್ಲೂ ಸಾಹುಕಾರರ ಐಪಿ ಒಂದನ್ನೇ ನೋಡಬೇಡಿ, ಆ ಸ್ವಿಚ್ಚಿನಲ್ಲಿರುವ ಎಲ್ಲರನ್ನೂ ನಿಮಿಷ ನಿಮಿಷಕ್ಕೆ ತೆಗೆಯಿರಿ.

ಗಂಜ್_ವೈರ್
ಶುಕ್ರವಾರ, ಮಧ್ಯಾಹ್ನ 12:15

ಸಿಕ್ಕಿತು, ಮತ್ತೆ ಕ್ಯಾಮೆರಾನೇ!

ಅಡತ್ ಅಂಗಡಿಯ ಪಕ್ಕ ಒಂದು ದಾಲ್ ಮಿಲ್. ಇಬ್ಬರಿಗೂ ಒಂದೇ ಸ್ವಿಚ್, ಅದರ ಮೇಲಿನ ಪೋರ್ಟ್ (ನಮ್ಮ ಕಡೆ ಬರುವ ಕೇಬಲಿನ ಕಿಂಡಿ) 100 ಮೆಗಾಬಿಟ್. ಮಿಲ್‌ನಲ್ಲಿ 16 ಕ್ಯಾಮೆರಾ. ರೆಕಾರ್ಡಿಂಗ್ ಹದಿನೈದು ನಿಮಿಷಕ್ಕೊಮ್ಮೆ ಒಟ್ಟಿಗೆ ಮೇಲಕ್ಕೆ ಹೋಗುತ್ತದೆ. 10:17, 10:32, 10:47. ಒಂದೂವರೆ ನಿಮಿಷ ಪೋರ್ಟ್ ತುಂಬಿ ತುಳುಕುತ್ತದೆ, ಆಮೇಲೆ ಖಾಲಿ. ನನ್ನ ಪಿಂಗ್ ಐದರ ಮಗ್ಗಿಯಲ್ಲಿ ಹೋಗುತ್ತದೆ, ಕ್ಯಾಮೆರಾದ್ದು ಯಾವತ್ತೂ ಎರಡು ನಿಮಿಷ ತಡವಾಗಿ ಶುರು. ಒಂದು ದಿನವೂ ಎದುರಾಗಿಲ್ಲ. ಸರಾಸರಿ ಗ್ರಾಫಿನಲ್ಲಿ 90 ಸೆಕೆಂಡಿನ ನೂರು, 300 ಸೆಕೆಂಡಿಗೆ ಹಂಚಿ ಮೂವತ್ತು ಆಗಿ ಕೂತಿತ್ತು.

ತಮಾಷೆ ಅಂದರೆ ಹಳೆಯ ಸಾವಿರಕ್ಕೆ ಒಂದರ ಡೇಟಾದಲ್ಲೇ ಇದು ಇತ್ತು. ಪ್ರತಿ ಸಲಕ್ಕೂ 700ಕ್ಕೂ ಜಾಸ್ತಿ ಸ್ಯಾಂಪಲ್. ಸಾಹುಕಾರರ ಸೊನ್ನೆ ನೋಡುತ್ತಾ ಕೂತಿದ್ದೆ, ಪಕ್ಕದವನ 700 ನೋಡಲೇ ಇಲ್ಲ. ಮಿಲ್ಲಿಗೆ ಬೇರೆ ಪೋರ್ಟ್ ಕೊಟ್ಟಿದ್ದೇವೆ.

ನಿನ್ನೆ ರಾತ್ರಿ 1:30ಕ್ಕೆ ರೇಟ್ ಕೂಡ ಬದಲಿಸಿದೆ. 500ಕ್ಕೆ ಒಂದು, ಲಾಟರಿ ರೀತಿ. ಸಿಪಿಯು ಜಾಸ್ತಿ ಏರಿಲ್ಲ. ಇವತ್ತು ರಾತ್ರಿ ಕೌಂಟರ್ ಜೊತೆ ಹೋಲಿಸಿ ಹಾಕುತ್ತೇನೆ.

ಗಂಜ್_ವೈರ್
ಶುಕ್ರವಾರ, ರಾತ್ರಿ 9:50

9:30ರಿಂದ 9:35. ಕೌಂಟರ್ ಪ್ರಕಾರ 90.4 ಗಿಗಾಬೈಟ್. ಸ್ಯಾಂಪಲ್ ಗುಣಿಸಿದರೆ 88.5. ಪ್ಯಾಕೆಟ್ ಕೌಂಟರ್ 10.04 ಕೋಟಿ, ಸ್ಯಾಂಪಲ್ 2 ಲಕ್ಷದ ಹತ್ತಿರ. 1.9 ಗಿಗಾಬೈಟ್ ಎಲ್ಲಿ ಹೋಯಿತು? 2 ಪರ್ಸೆಂಟ್ ತಪ್ಪು ಅಂದರೆ ಪರವಾಗಿಲ್ಲ ಅನ್ನೋಣವಾ?

ಫೈಬರ್_ಮಾವ
ಶುಕ್ರವಾರ, ರಾತ್ರಿ 9:58

ನೋಡಿದೆಯಾ, ನಾನು ಹೇಳಲಿಲ್ವಾ!

ಲೆಕ್ಕದ_ಅಕ್ಕೋರು
ಶುಕ್ರವಾರ, ರಾತ್ರಿ 10:25

ಮಾವ ಸ್ವಲ್ಪ ತಡೆಯಿರಿ. 2 ಲಕ್ಷ ಸ್ಯಾಂಪಲ್ ಸಿಕ್ಕಿದ್ದರೆ ತಪ್ಪು ಅರ್ಧ ಪರ್ಸೆಂಟ್ ಆಸುಪಾಸು ಇರಬೇಕು. 2 ಪರ್ಸೆಂಟ್ ಅಂದರೆ ಅದು ಸ್ಯಾಂಪ್ಲಿಂಗಿನ ತಪ್ಪಲ್ಲ, ಬೇರೆ ಏನೋ ಇದೆ ಅಂತ ಅರ್ಥ. ಮನೆಯವರನ್ನು ಕೇಳಿದೆ, ಊಟ ಮಾಡುತ್ತಲೇ ಹೇಳಿದರು. ನೆಟ್‌ಫ್ಲೋ ಎಣಿಸುವುದು ಐಪಿ ಬೈಟ್ ಮಾತ್ರ. ಇಂಟರ್‌ಫೇಸ್ ಕೌಂಟರ್ ಪ್ರತಿ ಪ್ಯಾಕೆಟ್‌ನ ಈಥರ್ನೆಟ್ ಹೆಡರ್ 14 ಬೈಟ್, ಬಾಲದ 4 ಬೈಟ್ ಕೂಡ ಸೇರಿಸುತ್ತದೆ. 18 ಬೈಟ್. 10.04 ಕೋಟಿಯನ್ನು 18ರಿಂದ ಗುಣಿಸಿ. 180 ಕೋಟಿ ಬೈಟ್, 1.8 ಗಿಗಾಬೈಟ್. ಉಳಿದ 0.1 ಮಾತ್ರ ಸ್ಯಾಂಪ್ಲಿಂಗಿನದು.

ಫೈಬರ್_ಮಾವ
ಶುಕ್ರವಾರ, ರಾತ್ರಿ 10:31

ನಮಸ್ಕಾರ ಅಕ್ಕೋರೆ. ನನ್ನ ಡಬ್ಬಿಯಲ್ಲಿ ಲಾಟರಿ ಸೆಟ್ಟಿಂಗ್ ಎಲ್ಲಿರುತ್ತದೆ ಅಂತ ಯಾರಾದರೂ ಹೇಳಿ.

ಗಂಜ್_ವೈರ್
ಶನಿವಾರ, ಮಧ್ಯಾಹ್ನ 1:05

ಇವತ್ತು ಸಾಹುಕಾರರು ಬಿಲ್ ಕಟ್ಟಲು ಬಂದಿದ್ದರು. ಟೆಂಡರ್ ಈಗ ತಟ್ಟಂತ ಹೋಗುತ್ತದಂತೆ. ನಾನೂ ಸ್ವಲ್ಪ ಜಂಬದಿಂದ, ಈಗ ಐದು ನಿಮಿಷಕ್ಕೆ ಎರಡು ಲಕ್ಷ ಚೀಲಕ್ಕೆ ಚುಚ್ಚಿ ನೋಡುತ್ತೇವೆ ಸಾಹುಕಾರ್ರೇ ಎಂದೆ.

"ಅದರಾಗ ನನ್ನ ಅಂಗಡಿದು ಎಷ್ಟು?" ಎಂದರು.

ತೆಗೆದು ನೋಡಿದೆ. ಮೂರು.